ಅಣ್ಣನ ಹೆಸರಿನಲ್ಲಿ

ಉದ್ದಣ್ಣ ಮದುವೆಯ ಮಾತೆತ್ತಿದ್ದು ಒಂದು ಭಾನುವಾರ ಮಧ್ಯಾಹ್ನ, ಊಟದ ನಡುವೆ. ಅಜ್ಜಿ ಎರಡನೇ ಸಲ ಬೇಳೆ ಹಾಕಿಸಿಕೊಳ್ಳುತ್ತಿದ್ದಳು. ಅಪ್ಪ ಎಂದಿನಂತೆ ಅನ್ನವನ್ನು ತಟ್ಟೆಯ ಒಂದು ಬದಿಗೆ ಒತ್ತರಿಸಿ ಅಂಚಿನಿಂದ ಸ್ವಲ್ಪಸ್ವಲ್ಪವೇ ತಿನ್ನುತ್ತಿದ್ದ. ಅವನು ನಮ್ಮ ಊರಲ್ಲಿ ಸರ್ವೇಯರ್ ಆಗಿದ್ದವನು. ಊರು ಬಿಟ್ಟು ಈ ದೇಶಕ್ಕೆ ಬಂದು ಒಂಬತ್ತು ವರ್ಷವಾದರೂ ಗಡಿ ಹಾಕುವ ಚಟ ಹೋಗಿರಲಿಲ್ಲ.

"ಡಿಪೋದಲ್ಲಿ ಒಬ್ಬಳಿದ್ದಾಳೆ," ಎಂದ ಉದ್ದಣ್ಣ, ತಟ್ಟೆ ನೋಡಿಕೊಂಡು. "ಹದಿನಾಲ್ಕನೇ ನಂಬರ್ ಬಸ್ ಓಡಿಸ್ತಾಳೆ. ಇಲ್ಲಿಯವಳೇ. ಮದುವೆ ಆಗೋಣ ಅಂತಿದ್ದೀವಿ."

"ಬಸ್ಸು ಓಡಿಸ್ತಾಳಾ?" ಎಂದಳು ಅಜ್ಜಿ. "ಒಳ್ಳೇದಾಯ್ತು ಬಿಡು. ನಾನು ಸ್ಟಾಪಿಗೆ ಬರೋವರೆಗೂ ನಿಲ್ಲಿಸ್ಕೊಂಡು ಕಾಯೋರು ಒಬ್ಬರಾದ್ರೂ ಸಿಕ್ಕಿದ್ರು."

ನನಗೆ ನಗು ಬಂತು. ಅಪ್ಪನ ಮುಖವೂ ಸಡಿಲವಾಯಿತು. ಅಮ್ಮ ಮಾತ್ರ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಕೇಳಿದಳು:

"ಯಾವ ಹೆಸರಲ್ಲಿ ಆಗ್ತಾನಂತೆ?"

ಉತ್ತರಕ್ಕೂ ಕಾಯದೆ ಅಮ್ಮ ಎದ್ದು ಹೋಗಿ ನಲ್ಲಿ ತಿರುಗಿಸಿದಳು. ನಾವಿನ್ನೂ ಉಣ್ಣುತ್ತಿರುವಾಗಲೇ ಪಾತ್ರೆ ತೊಳೆಯುವ ಸದ್ದು ಶುರುವಾಯಿತು.

ಅವಳು ಹಾಗೆ ಕೇಳಿದ್ದು ಯಾಕೆಂದು ತಿಳಿಯಬೇಕಾದರೆ ನಾವು ಊರು ಬಿಟ್ಟ ದಿನದ ಸಂಗತಿ ಹೇಳಬೇಕು. ನನಗಾಗ ಎಂಟು ವರ್ಷ. ಸಂಜೆಯೊಳಗೆ ದೋಣಿ ನಿಲ್ಲುವ ಹೊಳೆಯ ದಕ್ಕೆ ಸೇರಬೇಕೆಂದು ಅಪ್ಪಣೆಯಾಗಿತ್ತು. ಅಪ್ಪನ ಜೇಬಿನಲ್ಲಿ ಹೊಳೆ ದಾಟುವ ರಹದಾರಿ ಇತ್ತು: ಗಂಡ, ಹೆಂಡತಿ, ತಾಯಿ, ಮಗ, ಮಗಳು, ಒಟ್ಟು ಐದು ಜನ. ದಕ್ಕೆ ತಲುಪಿ ಗಂಟುಮೂಟೆ ಇಳಿಸಿದ ಮೇಲೆ ಅಪ್ಪನಿಗೆ ಹಿಂಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿತು. ಇನ್ನೆಂದೂ ಕಾಲಿಡದ ಮನೆ ಅದು. ಮರುದಿನ ಅದರಲ್ಲಿ ಯಾರು ಬಂದು ಕೂರುತ್ತಾರೆಂದೂ ಎಲ್ಲರಿಗೂ ಗೊತ್ತಿತ್ತು. ಆದರೂ ಮನೆ ಬಿಡುವಾಗ ಬೀಗ ಹಾಕಬೇಕೆಂಬುದು ಅಪ್ಪನ ಮೂಳೆಯಲ್ಲಿ ಕೂತಿತ್ತು. "ಹತ್ತೇ ನಿಮಿಷ, ಓಡಿಹೋಗಿ ನೋಡ್ಕೊಂಡು ಬಾ" ಎಂದು ಅಣ್ಣನನ್ನು ಕಳಿಸಿದ. ಅಣ್ಣನಿಗೆ ಹತ್ತೊಂಬತ್ತು. ಅವನು ಅಪ್ಪನನ್ನು ಗೇಲಿ ಮಾಡುತ್ತಲೇ ಹೋದ.

ಅವನು ತಿರುವು ದಾಟಿದ ಸ್ವಲ್ಪ ಹೊತ್ತಿಗೆ ಊರ ಕಡೆ ಗುಂಡಿನ ಸದ್ದು ಕೇಳಿತು. ರಸ್ತೆಗೆ ಅಡ್ಡಲಾಗಿ ಲಾರಿ ನಿಲ್ಲಿಸಿದರು. ದೋಣಿಯವನು ಹಗ್ಗ ಬಿಚ್ಚಿದ. ಕಾವಲಿನವನು ಬಂದು ತಲೆ ಎಣಿಸಿದ. ಕಾಗದದಲ್ಲಿ ಐದು, ಎದುರಿಗೆ ನಾಲ್ಕು. ತಲೆ ತಾಳೆಯಾಗದಿದ್ದರೆ ರಹದಾರಿಯೇ ರದ್ದು, ಎಲ್ಲರೂ ವಾಪಸ್. ಪಕ್ಕದಲ್ಲಿ ಬರಿಗೈಯಲ್ಲಿ ಒಬ್ಬ ಉದ್ದನೆಯ ಯುವಕ ನಿಂತಿದ್ದ. ಅವನ ಬಳಿ ಯಾವ ಕಾಗದವೂ ಇರಲಿಲ್ಲ. ಅಪ್ಪ ಅವನ ರಟ್ಟೆ ಹಿಡಿದು ಮುಂದಕ್ಕೆಳೆದು, "ಇಲ್ಲಿದ್ದಾನಲ್ಲ ನನ್ನ ಮಗ" ಎಂದ. ಅಮ್ಮ ರಸ್ತೆಯ ಕಡೆಗೇ ನೋಡುತ್ತಿದ್ದಳು. ಯಾರೋ ಅವಳನ್ನು ದೋಣಿಗೆ ಹತ್ತಿಸಿದರು. ತಿರುಗಿ ನೋಡಿದರೆ ನಾವು ಐದು ಜನ ಕೂತಿದ್ದೆವು. ಮಗ ಬಂದನೆಂದೇ ಅವಳಿಗೆ ಅನಿಸಿತಂತೆ. ದೋಣಿ ಅಷ್ಟರಲ್ಲಿ ದಡ ಬಿಟ್ಟಿತ್ತು.

ಈಚೆ ದಡದಲ್ಲಿ ಐದು ಜನರ ಫೋಟೊ ಹಿಡಿದು, ಬೆರಳು ಒತ್ತಿಸಿಕೊಂಡು ಬರೆದುಕೊಂಡರು. ಅಂದಿನಿಂದ ಆ ಉದ್ದನೆಯವನು ಅಣ್ಣನ ಹೆಸರಿನವನಾದ. ಹೊರಗೆ ಎಲ್ಲರೂ ಅವನನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಮನೆಯೊಳಗೆ ಆ ಹೆಸರಿನಿಂದ ಅವನನ್ನು ಯಾರೂ ಕರೆಯಕೂಡದೆಂದು ಅಮ್ಮ ಮೊದಲ ವಾರವೇ ಕಟ್ಟಪ್ಪಣೆ ಮಾಡಿದಳು. ನಮ್ಮನ್ನು ಮೊದಲು ಇರಿಸಿದ್ದ ಶಿಬಿರದ ಬಾಗಿಲಿಗೆ ಅವನು ದಿನಕ್ಕೆರಡು ಸಲ ತಲೆ ಬಡಿಸಿಕೊಳ್ಳುವುದನ್ನು ನೋಡಿ ಅಜ್ಜಿ ಉದ್ದಣ್ಣ ಎಂದಳು. ಅದೇ ಉಳಿಯಿತು. ಅವನು ಹೊರಗೆ ನಾಲ್ಕು ಜನರೆದುರು ಅಮ್ಮನನ್ನು ಅಮ್ಮ ಎನ್ನುತ್ತಿದ್ದ. ಮನೆಯಲ್ಲಿ ಏನೂ ಎನ್ನುತ್ತಿರಲಿಲ್ಲ, ಬರೀ 'ನೀವು'.

ದಾರಿಯಲ್ಲಿ ಕಳೆದುಹೋದವರನ್ನು ಹುಡುಕಿಕೊಡಲು ಇಲ್ಲಿ ಒಂದು ಕಚೇರಿ ಇದೆ. ನಮ್ಮ ಕಡೆಯ ಎಷ್ಟೋ ಜನ ಅಲ್ಲಿ ಹೆಸರು ಬರೆಸಿದರು. ಕೆಲವರಿಗೆ ತಮ್ಮಂದಿರು ಸಿಕ್ಕರು, ಒಬ್ಬಳಿಗೆ ಗಂಡ ಸಿಕ್ಕ. ನಾವು ಮಾತ್ರ ಬರೆಸುವ ಹಾಗಿರಲಿಲ್ಲ. ಯಾರನ್ನು ಹುಡುಕಿ ಎನ್ನುವುದು? ಅಂಥ ಹೆಸರಿನವನು ಇದೇ ಊರಿನ ಇಂಥ ಕಟ್ಟಡದ ಮೂರನೇ ಮಹಡಿಯಲ್ಲಿ ಆರೋಗ್ಯವಾಗಿದ್ದಾನೆ, ಬಸ್ ರಿಪೇರಿ ಮಾಡುತ್ತಾನೆ ಎಂದು ಅವರ ಕಂಪ್ಯೂಟರೇ ಹೇಳುತ್ತಿತ್ತು. ಅಮ್ಮ ಕೆಲಸಕ್ಕೆ ಹೋಗುವ ದಾರಿಯಲ್ಲೇ ಆ ಕಚೇರಿ ಇತ್ತು. ಅವಳು ಒಂದು ಬೀದಿ ಸುತ್ತಿಕೊಂಡು ಹೋಗುತ್ತಿದ್ದಳು.

ಅಣ್ಣ ನಮ್ಮ ಮನೆಯಲ್ಲಿ ಇರುತ್ತಿದ್ದುದು ಹೀಗೆ. ಟಪಾಲು ಡಬ್ಬಿಯಲ್ಲಿ ವಾರಕ್ಕೆ ನಾಲ್ಕು ಲಕೋಟೆ ಅವನ ಹೆಸರಿಗೆ ಬರುತ್ತಿದ್ದವು. ಡಿಪೋದ ಕಾಗದ, ಹಲ್ಲಿನ ಡಾಕ್ಟರು ಕಳಿಸುವ ನೆನಪೋಲೆ, ಅಂಗಡಿಗಳ ಜಾಹೀರಾತು. ಅಮ್ಮನೇ ಅವನ್ನು ತರುತ್ತಿದ್ದಳು. ಒಳಗಿನ ಕಾಗದವನ್ನು ಉದ್ದಣ್ಣನ ಹಾಸಿಗೆಯ ಮೇಲಿಟ್ಟು, ಹೆಸರು ಅಚ್ಚಾದ ಲಕೋಟೆಯನ್ನು ತನ್ನ ಬಟ್ಟೆಯ ಖಾನೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಕರೆಗಂಟೆ ಹೊಡೆದರೆ ನಾವ್ಯಾರೂ ಏಳುತ್ತಿರಲಿಲ್ಲ. ಅಮ್ಮನೇ ಹೋಗಿ ತೆಗೆಯಬೇಕು. ನೀರಿನ ಮೀಟರು ನೋಡುವವನು ಬಂದರೂ ಬಾಗಿಲು ತೆರೆಯುವ ಮುಂಚೆ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಬೀಗ ಹಾಕಿ, ಎಳೆದು ನೋಡಿ, ಒಂದು ಮಹಡಿ ಇಳಿದು, ಮತ್ತೆ ಹತ್ತಿ ಬಂದು ಎಳೆದು ನೋಡುತ್ತಿದ್ದ. ನಾವು ಒಳಗೇ ಇದ್ದರೂ ಹಾಗೇ. 

ಮದುವೆಗೆ ಇಲ್ಲಿ ನೋಂದಣಿ ಕಚೇರಿಗೆ ಹೋಗಬೇಕು. ಉದ್ದಣ್ಣ ತಂದ ಫಾರಂ ಓದಿ ಹೇಳುವ ಕೆಲಸ ನನ್ನದು. ಈ ಮನೆಯಲ್ಲಿ ಫಾರಂ, ಡಾಕ್ಟರು, ಬಾಡಿಗೆಯವರು, ನನ್ನ ಬಗ್ಗೆ ದೂರು ಹೇಳುವ ನನ್ನದೇ ಸ್ಕೂಲಿನ ಟೀಚರು, ಎಲ್ಲರ ಮಾತೂ ನನ್ನ ಬಾಯಿಂದಲೇ ಬರಬೇಕು. ಅಪ್ಪ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಾನೆ, ಅಲ್ಲಿ ತಲೆ ಆಡಿಸಿದರೆ ಸಾಕು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಮಡಿಸುತ್ತಾಳೆ, ಅವಳಿಗೆ ಬರುವುದು ಒಂದು ಮೂವತ್ತು ಪದ. ಅಜ್ಜಿಗೆ ಒಂದೂ ಬಾರದು, ಆದರೆ ಕೆಳಗಿನ ಮನೆಯ ಮುದುಕಿಯೊಂದಿಗೆ ಗಂಟೆಗಟ್ಟಲೆ ಹರಟುತ್ತಾಳೆ. ಇಬ್ಬರೂ ಅವರವರ ಭಾಷೆಯಲ್ಲಿ ಅವರವರ ಸೊಸೆಯಂದಿರನ್ನು ಬೈಯುತ್ತಾರೆಂದು ನನ್ನ ಅಂದಾಜು.

ಫಾರಂನಲ್ಲಿ ಹೀಗಿತ್ತು: ಹುಟ್ಟಿದ ದಾಖಲೆ ಇಲ್ಲದವರ ವಿಷಯದಲ್ಲಿ ಹೆತ್ತ ತಾಯಿಯೇ ಖುದ್ದಾಗಿ ಬಂದು, ಇವನು ನನ್ನ ಮಗ ಎಂದು ಪ್ರಮಾಣ ಮಾಡಬೇಕು. ತನಗೆ ಹುಟ್ಟಿದ ಎಲ್ಲ ಮಕ್ಕಳ ವಿವರ ಕೊಡಬೇಕು. ಮೂರು ವಾರ ಬಿಟ್ಟು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಬರಲು ಬರೆದಿತ್ತು.

"ನಾನು ಬರಲ್ಲ," ಎಂದಳು ಅಮ್ಮ.

ಬರುವುದಿಲ್ಲ ಎಂದರೆ ಮದುವೆ ನಿಲ್ಲುತ್ತದೆ. ಬಂದು ಇಲ್ಲ ಎಂದರೆ ನಮ್ಮ ಐದೂ ಜನರ ಫೈಲು ತೆರೆಯುತ್ತದೆ, ಎಲ್ಲರೂ ಇಲ್ಲಿಂದ ಗಂಟು ಕಟ್ಟಬೇಕಾಗುತ್ತದೆ. ಅದು ನಮಗೆಲ್ಲ ಗೊತ್ತಿತ್ತು. ಅಪ್ಪ ಎರಡು ದಿನ ಬಿಟ್ಟು ಬುಧವಾರ ಸಂಜೆ ಅಡುಗೆಮನೆಗೆ ಹೋದ. ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ.

"ಆ ಹುಡುಗ ಎಷ್ಟು ವರ್ಷ ಹೀಗೇ ಇರ್ಬೇಕು ಹೇಳು. ಅವನಿಗೂ ಇಪ್ಪತ್ತೆಂಟಾಯ್ತು."

"ಇರ್ಲಿ, ಬೇಡ ಅಂದೋರ್ಯಾರು. ನನ್ನ ಮಗನಿಗೆ ಇನ್ನು ಉಳಿದಿರೋದು ಒಂದು ಹೆಸರು. ಅದನ್ನೂ ಮದುವೆ ಮಾಡಿ ಕಳಿಸ್ಲಾ? ನಾಳೆ ಅವನು ಬಂದು ಬಾಗಿಲು ತಟ್ಟಿದ್ರೆ, ನಿನಗೆ ಆಗಲೇ ಮದುವೆ ಆಗಿದೆ ಕಣಪ್ಪ, ಹೆಂಡ್ತಿ ಇದಾಳೆ ಅನ್ಲಾ?"

"ಅವನು ಇದ್ದಿದ್ರೆ ಇಷ್ಟರಲ್ಲಿ…"

"ಇದ್ದಿದ್ರೆ? ಮುಗಿಸಿ ನೋಡೋಣ ಆ ಮಾತು."

 ಒಳಕೋಣೆಯಿಂದ ಅಜ್ಜಿ, ಜಗಳ ಆಮೇಲೆ ಆಡಿ, ಏನೋ ಸೀದ ವಾಸನೆ ಬರ್ತಿದೆ ಎಂದಳು. ನಿಜವಾಗಿಯೂ ಆಲೂಗಡ್ಡೆ ತಳ ಹಿಡಿದಿತ್ತು. ಅಮ್ಮ ಕಪ್ಪಾದದ್ದನ್ನೆಲ್ಲ ತೆಗೆದು ತನ್ನ ತಟ್ಟೆಗೆ ಹಾಕಿಕೊಂಡಳು. ಉದ್ದಣ್ಣನೊಂದಿಗೆ ಅವಳು ಮಾತು ಬಿಟ್ಟಿದ್ದಳು. ಆದರೆ ಬೆಳಿಗ್ಗೆ ಅವನ ಊಟದ ಡಬ್ಬಿ ಕಟ್ಟುವುದನ್ನು ಬಿಟ್ಟಿರಲಿಲ್ಲ.

ಮುಂದಿನ ಶನಿವಾರ ಡ್ರೈವರಮ್ಮ ಬಂದಳು. ಹೆಸರಿಟ್ಟವಳು ಅಜ್ಜಿಯೇ ಎಂದು ಬೇರೆ ಹೇಳಬೇಕಿಲ್ಲ. ಹಣ್ಣಿನ ಚೀಲ ಹಿಡಿದು, ನಮ್ಮ ಭಾಷೆಯಲ್ಲಿ ಕಲಿತು ಬಂದಿದ್ದ ಎರಡು ಮಾತು ಒಪ್ಪಿಸಿ, ತಪ್ಪಾಯಿತೇನೋ ಎಂದು ಉದ್ದಣ್ಣನ ಮುಖ ನೋಡಿದಳು. ದಪ್ಪ ಕೈ, ತೆರೆದ ನಗು. ಅಜ್ಜಿ ಅವಳ ಅಂಗೈ ಒತ್ತಿ ನೋಡಿ, ಈ ಕೈಗೆ ಸಿಕ್ಕಿದ ಸ್ಟೇರಿಂಗು ತಪ್ಪಿಸಿಕೊಳ್ಳಲ್ಲ ಎಂದಳು. ಅದನ್ನು ನಾನು ಹಾಗೇ ಅನುವಾದಿಸಿದೆ. ನನಗೆ ಅವಳು ಇಷ್ಟವಾದಳು. ಅದರಿಂದಲೇ ನನಗೆ ಕಷ್ಟವಾಯಿತು, ಯಾಕೆಂದರೆ ಅವಳಿಗೆ ಏನೂ ಗೊತ್ತಿರಲಿಲ್ಲ. ಹೇಳುತ್ತೇನೆಂದು ಉದ್ದಣ್ಣ ಹಟ ಹಿಡಿದಿದ್ದ. ಐದು ಜನರ ಗುಟ್ಟು, ಒಬ್ಬನೇ ಬಿಚ್ಚುವ ಹಾಗಿಲ್ಲ ಎಂದು ಅಪ್ಪ ತಡೆದಿದ್ದ.

ಅಮ್ಮ ಅನ್ನ, ಮೊಟ್ಟೆ, ಸೊಪ್ಪು ಮಾಡಿದ್ದಳು. ಬಡಿಸುತ್ತಿದ್ದಳೇ ಹೊರತು ತಲೆ ಎತ್ತುತ್ತಿರಲಿಲ್ಲ. ಆಗ ಡ್ರೈವರಮ್ಮ ನನ್ನತ್ತ ಬಗ್ಗಿ, ಚಿಕ್ಕವನಿದ್ದಾಗ ಇವನು ಹೇಗಿದ್ದ ಎಂದು ನಿಮ್ಮಮ್ಮನನ್ನು ಕೇಳು ಎಂದಳು.

ನಾನು ಕೇಳಿದೆ. ಕೇಳದೆ ಬೇರೇನೋ ಹೇಳಬಹುದಿತ್ತು. ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಅವತ್ತು ಯಾಕೋ ಹೊಳೆಯಲಿಲ್ಲ.

ಅಮ್ಮ ಸೌಟು ಕೆಳಗಿಟ್ಟಳು. ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷದಲ್ಲಿ ಅವಳ ಮಗನ ಬಗ್ಗೆ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ.

"ಮೂರು ವರ್ಷ ಆಗೋವರೆಗೂ ಮಾತೇ ಆಡ್ಲಿಲ್ಲ," ಎಂದಳು. "ಮೂಗನೇನೋ ಅಂತ ನಾನು ಅತ್ತೂ ಅತ್ತೂ ಸಾಕಾಗಿದ್ದೆ. ಒಂದಿನ ಇದ್ದಕ್ಕಿದ್ದ ಹಾಗೆ, ಅಮ್ಮ ಹಾಲು ಉಕ್ತಿದೆ ಅಂದ. ನಾನು ಅವನ ಬಾಯೇ ನೋಡ್ತಾ ನಿಂತೆ, ಹಾಲೆಲ್ಲ ಉಕ್ಕಿ ಹೋಯ್ತು."

ನಾನು ಹೇಳಿದೆ. ಡ್ರೈವರಮ್ಮ ಚಪ್ಪಾಳೆ ತಟ್ಟಿ ನಕ್ಕು ಉದ್ದಣ್ಣನ ಬೆನ್ನಿಗೆ ಗುದ್ದಿದಳು. ಅವನೂ ನಗಬೇಕಾದಷ್ಟು ನಕ್ಕ. ಅಮ್ಮ ನಿಲ್ಲಿಸಲಿಲ್ಲ. ಕೋಳಿಗೆ ಹೆದರುತ್ತಿದ್ದದ್ದು, ಅಪ್ಪನ ಡಬ್ಬಿಯ ಸೀಮೆಸುಣ್ಣ ತಿನ್ನುತ್ತಿದ್ದದ್ದು, ತಂಗಿ ಹುಟ್ಟಿದಾಗ ಇವಳನ್ನು ವಾಪಸ್ ಕೊಟ್ಟು ನಾಯಿಮರಿ ತನ್ನಿ ಎಂದದ್ದು. ಆ ತಂಗಿ ನಾನು. ನನ್ನ ಅಣ್ಣನ ಈ ಮಾತು ನನಗೆ ಮೊದಲ ಸಲ ಗೊತ್ತಾದದ್ದು ಅಂದು, ಪರಭಾಷೆಗೆ ತಿರುಗಿಸುತ್ತಾ.  ನೀರು ಕುಡಿದು ಮುಂದುವರಿಸಿದೆ.

"ಎಡ ಮೊಣಕಾಲಿಗೆ ಇಸ್ತ್ರಿಪೆಟ್ಟಿಗೆ ತಾಗಿಸಿಕೊಂಡಿದ್ದ," ಎಂದಳು ಅಮ್ಮ. "ಆ ಕಲೆ ಇವತ್ತಿಗೂ ಇದೆ."

ಡ್ರೈವರಮ್ಮ ಹುಬ್ಬೇರಿಸಿ, ಅಂಥ ಕಲೆ ಏನೂ ಇಲ್ಲವಲ್ಲ ಎಂದಳು.

 ಅಮ್ಮನಿಗೆ ಅನುವಾದ ಬೇಕಾಗಲಿಲ್ಲ. ಅವಳ ಮೂವತ್ತು ಪದಗಳಲ್ಲಿ 'ಇಲ್ಲ' ಇತ್ತು. ಅಪ್ಪ ತಟ್ಟೆಯ ಅಂಚನ್ನೇ ನೋಡುತ್ತಿದ್ದ. ಏನಂತೆ ಅವಳದು ಎಂದು ಅಜ್ಜಿ ಕೇಳಿದಳು. ಹೇಳಿದೆ.

"ಇವನ ಮೊಣಕಾಲು ಇವಳು ಯಾವಾಗ ನೋಡಿದ್ಲು ಅಂತ ಕೇಳೇ," ಎಂದಳು ಅಜ್ಜಿ.

ಅದನ್ನು ತಿರುಗಿಸಿದ್ದೇ ಡ್ರೈವರಮ್ಮ ಕಿವಿಯವರೆಗೆ ಕೆಂಪಾಗಿ, ಮುಖ ಮುಚ್ಚಿಕೊಂಡು ನಗತೊಡಗಿದಳು. ಮಾತು ತೇಲಿಹೋಯಿತು. ಅಜ್ಜಿ ನಮ್ಮನ್ನು ಉಳಿಸಿದಳು. ಅಮ್ಮ ಎದ್ದು ಒಳಗೆ ಹೋದವಳು ಹಣ್ಣು ಹೆಚ್ಚಿಕೊಂಡು ಬರಲು ಬಹಳ ಹೊತ್ತು ಮಾಡಿದಳು.

ಡ್ರೈವರಮ್ಮನನ್ನು ಸ್ಟಾಪಿಗೆ ಬಿಟ್ಟು ಉದ್ದಣ್ಣ ಹಿಂತಿರುಗಿದಾಗ ಅಮ್ಮ ಮೇಜು ಒರೆಸುತ್ತಿದ್ದಳು. ಎರಡು ವಾರದ ಮೇಲೆ ಅವನೊಂದಿಗೆ ಮಾತಾಡಿದಳು.

"ಎಲ್ಲಾ ಕೊಟ್ಬಿಟ್ಟೆ ನೋಡು ಇವತ್ತು. ಅವನ ಮೊದಲನೇ ಮಾತನ್ನೂ ನಿನಗೇ ಕೊಟ್ಟೆ. ಇನ್ನು ಅವನ ಹತ್ರ ಏನು ಉಳೀತು?"

ಉದ್ದಣ್ಣ ಬಾಗಿಲಲ್ಲೇ ನಿಂತಿದ್ದ.  ಮರುದಿನ ಬೆಳಿಗ್ಗೆ ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿಕೊಂಡು, ಡಿಪೋದ ಸ್ನೇಹಿತನ ಕೋಣೆಯಲ್ಲಿರುತ್ತೇನೆಂದು ಅಜ್ಜಿಗೊಬ್ಬಳಿಗೇ ಹೇಳಿ ಹೋದ.

ಅವನಿಲ್ಲದೆ ಮನೆಗೆ ಕೈಕಾಲು ಕಟ್ಟಿದಂತಾಯಿತು. ಅಜ್ಜಿಯನ್ನು ಮೂರು ಮಹಡಿ ಇಳಿಸಿ ಹತ್ತಿಸುವವನು ಅವನು. ಅಪ್ಪ ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿದುಕೊಂಡು ಕೂತ. ಅಜ್ಜಿ, ಇನ್ನು ನನ್ನನ್ನ ಕಿಟಕಿಯಿಂದಲೇ ಇಳಿಸಿ ಎಂದು ಗೊಣಗಿದಳು. ಅಡುಗೆಮನೆಯ ನಲ್ಲಿ ಸೋರತೊಡಗಿತು. ಅಮ್ಮ ದಿನವೂ ಐದು ಜನಕ್ಕೇ ಅನ್ನ ಇಡುತ್ತಿದ್ದಳು, ದಿನವೂ ಒಬ್ಬರ ಪಾಲು ಉಳಿಯುತ್ತಿತ್ತು. ಬೆಳಿಗ್ಗೆ ಡಬ್ಬಿ ಕಟ್ಟಿ ಮೇಜಿನ ಮೇಲಿಡುವುದು, ಸಂಜೆ ಅದನ್ನೇ ಬಿಚ್ಚಿ ತಾನು ತಿನ್ನುವುದು. ಒಂದು ವಾರ ಹೀಗೇ ಹೋಯಿತು. 

ಮುಂದಿನ ಮಂಗಳವಾರ ನಾನು ಸ್ಕೂಲಿನಿಂದ ಬಂದಾಗ ಅಮ್ಮ ಕಿಟಕಿಯಲ್ಲಿ ನಿಂತಿದ್ದಳು. ಕಿಟಕಿಯಿಂದ ಬಸ್ ಸ್ಟಾಪು ಕಾಣುತ್ತದೆ. ಅವಳು ಅಲ್ಲಿ ನಿಲ್ಲುವುದು ಹೊಸತಲ್ಲ. ಕೆಲಸದಿಂದ ಬಂದ ಮೇಲೆ ಚಹಾದ ಲೋಟ ಹಿಡಿದು ಕಾಲು ಗಂಟೆ ನಿಲ್ಲುತ್ತಿದ್ದಳು. ಯಾರಿಗಾಗಿ ಎಂದು ನಮಗೆ ಗೊತ್ತಿದ್ದುದರಿಂದ ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಅವತ್ತು ಚಹಾ ಮುಟ್ಟಿರಲಿಲ್ಲ, ಕೆನೆ ಕಟ್ಟಿತ್ತು. ಚಹಾ ಆರಿಹೋಯಿತು ಎಂದು ಹೇಳಿದ್ದಕ್ಕೆ ಬೆಚ್ಚಿಬಿದ್ದು ತಿರುಗಿದಳು. ಕದಿಯುವಾಗ ಸಿಕ್ಕಿಬಿದ್ದವರ ಮುಖ ಇತ್ತು.

"ಇಷ್ಟು ವರ್ಷ ಈ ಕಿಟಕೀಲಿ ನಿಂತಿದ್ದು ನಿಮ್ಮಣ್ಣನಿಗೋಸ್ಕರ ಕಣೇ," ಎಂದಳು. "ಇವತ್ತು ನಿಂತು ಅರ್ಧ ಗಂಟೆ ಆಯ್ತು. ಇವನು ಇಳೀತಾನಾ ಅಂತ ನೋಡ್ತಿದೀನಿ. ಅವನು ಒಂದ್ಸಲಾನೂ ನೆನಪಾಗ್ಲಿಲ್ಲ."

ಹಾಗೆಂದು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನಾನು ಪಕ್ಕದಲ್ಲಿ ಕೂತೆ. 

ಮರುದಿನ ಡಿಪೋಗೆ ಹೋಗಿ ಉದ್ದಣ್ಣನನ್ನು ಹುಡುಕಿದೆ. ಬಸ್ಸಿನ ಅಡಿಯಿಂದ ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು, ಗುರುತು ಸಿಗಲು ಅಷ್ಟು ಸಾಕಾಗಿತ್ತು. ಅಜ್ಜಿ ಹತ್ತು ದಿನದಿಂದ ಕೆಳಗಿಳಿದಿಲ್ಲ ಎಂದಷ್ಟೇ ಹೇಳಿದೆ. ಸಂಜೆ ಬಂದ. ಅಜ್ಜಿಯನ್ನು ಇಳಿಸಿ, ಕೆಳಗಿನ ಮುದುಕಿಯ ಹತ್ತಿರ ಕೂರಿಸಿ, ಮೇಲೆ ಬಂದು ನಲ್ಲಿಯ ವಾಶರ್ ಬದಲಿಸಿದ. ಆಮೇಲೆ ಕೈ ಒರೆಸಿಕೊಳ್ಳುತ್ತಾ ಅಪ್ಪನ ಎದುರಿಗೆ ನಿಂತ.

"ಶುಕ್ರವಾರ ನಾನೊಬ್ನೇ ಹೋಗ್ತೀನಿ. ದಕ್ಕೇಲಿ ಇವರ ಕಾಗದ ಕದ್ದು ದೋಣಿ ಹತ್ತಿದೆ, ಇವರಿಗೇನೂ ಗೊತ್ತಿರ್ಲಿಲ್ಲ, ಹೆದರಿಸಿ ಇಟ್ಕೊಂಡಿದ್ದೆ ಅಂತ ಬರೆದುಕೊಡ್ತೀನಿ. ನನ್ನನ್ನ ಇಲ್ಲಿಂದ ಕಳಿಸ್ತಾರೆ ಅಷ್ಟೇ. ಹೆಸರು ನಿಮ್ಮದು ನಿಮಗೆ ವಾಪಸ್ ಬರುತ್ತೆ."

"ಕೈ ಹಿಡಿದು ಹತ್ತಿಸಿದ್ದು ನಾನು," ಎಂದ ಅಪ್ಪ. "ಕದ್ದೋನು ನೀನಲ್ಲ." ಆಮೇಲೆ ನಾನು ಎಂದೂ ಕೇಳಿರದ ಧ್ವನಿಯಲ್ಲಿ, "ಬಾಗಿಲು ನೋಡ್ಕೊಂಡು ಬಾ ಅಂತ ಕಳಿಸಿದ್ದೂ ನಾನೇ," ಎಂದ.

ಅಮ್ಮ ಒಲೆಯ ಹತ್ತಿರ ನಿಂತಿದ್ದಳು. "ಅದು ಗೊತ್ತು ಕಣ್ರೀ," ಎಂದಳು, ಮೆಲ್ಲಗೆ. ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಉದ್ದಣ್ಣ ಈಗ ಅಮ್ಮನ ಕಡೆ ತಿರುಗಿದ.

"ನಿಮ್ಮ ಮಗನದ್ದು ನಾನು ತಗೊಂಡಿದ್ದೀನಿ, ಇಲ್ಲ ಅನ್ನಲ್ಲ. ಆದ್ರೆ ನನಗೂ ಒಬ್ಬಳು ತಾಯಿ ಇದ್ಲು. ಆವತ್ತು ದಕ್ಕೆಗೆ ಬಂದಿದ್ದು ಅವಳನ್ನ ಹುಡುಕ್ಕೊಂಡು. ಹಿಂದಿನ ದೋಣೀಲಿ ದಾಟಿದ್ಲು ಅಂತ ಯಾರೋ ಅಂದ್ರು. ಅವಳು ಎಲ್ಲಾದ್ರೂ ಒಂದು ಆಫೀಸಲ್ಲಿ ನಿಂತು ನನ್ನ ಮಗ ಬಂದಿದಾನಾ ಅಂತ ಕೇಳಿರ್ತಾಳೆ. ಅಂಥೋನು ಯಾರೂ ಬಂದಿಲ್ಲ ಅಂತ ಹೇಳಿರ್ತಾರೆ. ಒಂಬತ್ತು ವರ್ಷದಿಂದ ಹಾಗೇ ಹೇಳ್ತಿರಬೇಕು."

ಅಮ್ಮ ಅವನನ್ನೇ ನೋಡುತ್ತಾ ನಿಂತಳು. ಅವನಿಗೂ ಒಬ್ಬ ತಾಯಿ ಇರಬಹುದೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ನಾವು ಕಳೆದುಕೊಂಡವರು ಎಂಬುದೊಂದನ್ನೇ ಹಿಡಿದುಕೊಂಡು ಇಷ್ಟು ವರ್ಷ ಅವನ ಎದುರಿಗೇ ಕೂತು ಉಂಡಿದ್ದೆವು.

"ಕೂತ್ಕೊ, ಊಟ ಮಾಡು," ಎಂದಳು ಅಮ್ಮ. ಶುಕ್ರವಾರದ ವಿಷಯ ಏನೂ ಹೇಳಲಿಲ್ಲ. ಗುರುವಾರವೂ ಹೇಳಲಿಲ್ಲ. ಅಪ್ಪ ಅವಳ ಮುಖ ನೋಡುವುದು, ಕೇಳಲು ಧೈರ್ಯ ಸಾಲದೆ ಹೊರಗೆ ಹೋಗಿ ಬೀಗ ಎಳೆದು ನೋಡಿ ಬರುವುದು, ಇದೇ ಆಯಿತು.

ಶುಕ್ರವಾರ ಬೆಳಿಗ್ಗೆ ಅಮ್ಮ ಲಾಂಡ್ರಿಗೆ ರಜೆ ಹಾಕಿ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟಳು. ಬರುತ್ತಾಳೆಂದು ಅದರಿಂದಲೇ ಗೊತ್ತಾಯಿತು. ಬಂದು ಏನು ಹೇಳುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಮಾತ್ರ ಮನೆಯಲ್ಲಿ ಉಳಿದಳು.

ನೋಂದಣಿ ಕಚೇರಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ನಂಬರು ತೋರಿಸುವ ಹಲಗೆ. ಡ್ರೈವರಮ್ಮ ಆಗಲೇ ಬಂದಿದ್ದಳು. ನಮ್ಮ ನಂಬರು ಬಂದಾಗ ಡ್ರೈವರಮ್ಮನೂ ಸೇರಿ ಐದು ಜನ ಒಟ್ಟಿಗೆ ಕೌಂಟರಿನ ಮುಂದೆ ನಿಂತೆವು. ದಪ್ಪ ಗಾಜು, ಮಧ್ಯದಲ್ಲಿ ಮಾತಾಡಲು ತೂತುಗಳು. ಆಚೆ ಕೂತಿದ್ದ ಗುಮಾಸ್ತೆ ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದಳು. ಉದ್ದಣ್ಣನ ಜೇಬಿನಲ್ಲಿ ಅವನು ಬರೆದಿಟ್ಟುಕೊಂಡಿದ್ದ ತಪ್ಪೊಪ್ಪಿಗೆಯ ಕಾಗದ ಇತ್ತು. ಅಮ್ಮ ತಲೆ ಅಡ್ಡಡ್ಡ ಆಡಿಸಿದ ಕ್ಷಣ ಕೊಡುವುದೆಂದು ನನಗೆ ಹೇಳಿದ್ದ.

ಗುಮಾಸ್ತೆ ಫಾರಂ ಮೇಲಿನ ಹೆಸರು ಗಟ್ಟಿಯಾಗಿ ಓದಿದಳು. ಅಮ್ಮನ ಕಡೆ ನೋಡಿ, ಇವನು ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಎಂದು ಕೇಳಿದಳು. ನಾನು ತಿರುಗಿಸಿದೆ.

ಅಮ್ಮ ಆ ಅಚ್ಚಾದ ಹೆಸರನ್ನು ನೋಡಿದಳು. ಉದ್ದಣ್ಣನ ಕೈ ಜೇಬಿಗೆ ಹೋಯಿತು.

"ಹೌದು ಅಂತ ಹೇಳು," ಎಂದಳು.

ಅಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಗುಮಾಸ್ತೆ ಗುರುತು ಹಾಕಿ, ಬೇರೆ ಮಕ್ಕಳು ಎಂದಳು. ನಾನು ನನ್ನನ್ನೇ ತೋರಿಸಿಕೊಳ್ಳಲು ಹೋದಾಗ ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಒಬ್ಬಳು ಮಗಳು. ಇನ್ನೊಬ್ಬ ಮಗ ಅಂತ ಹೇಳು. ನನಗೆ ಇಬ್ಬರು ಗಂಡುಮಕ್ಕಳು."

ಅಪ್ಪ ಗಾಬರಿಯಾಗಿ ಅವಳ ತೋಳು ಮುಟ್ಟಿದ. ಅವಳು ಕೊಡವಿಕೊಂಡಳು. ಗುಮಾಸ್ತೆ ಕಂಪ್ಯೂಟರ್ ನೋಡಿ, ಹಳೆಯ ಫೈಲಿನಲ್ಲಿ ಒಬ್ಬನೇ ಮಗ ಇದ್ದಾನಲ್ಲ ಎಂದಳು. ಅವತ್ತು ಹೊಳೆ ದಾಟಿದವರನ್ನು ಮಾತ್ರ ಬರೆದುಕೊಂಡರು, ದಾಟದವನನ್ನು ಯಾರೂ ಕೇಳಲಿಲ್ಲ, ಎಂದು ಅಮ್ಮ ಹೇಳಿಸಿದಳು. ಗುಮಾಸ್ತೆಗೆ ಅದು ಹೊಸದಾಗಿ ಕಾಣಲಿಲ್ಲ. ಬದುಕಿದ್ದಾನೋ, ತೀರಿಕೊಂಡಿದ್ದಾನೋ, ಪತ್ತೆಯಿಲ್ಲವೋ ಎಂದು ಕೇಳಿದಳು. ಪತ್ತೆಯಿಲ್ಲ ಎಂದರೆ ಹೆಸರು ಎಲ್ಲ ದೇಶದ ಹುಡುಕುವ ಪಟ್ಟಿಗೂ ಹೋಗುತ್ತದೆ, ಆ ಹೆಸರು ಹೇಳಿಕೊಂಡು, ಇಲ್ಲವೇ ಆ ಹೆಸರಿನವನನ್ನು ಹುಡುಕಿಕೊಂಡು ಯಾರೇ ಬಂದರೂ ನಿಮ್ಮ ಮನೆಯ ವಿಳಾಸ ಕೊಡುತ್ತೇವೆ, ಒಪ್ಪಿಗೆಯೇ ಎಂದಳು.

"ಒಪ್ಪಿಗೆ," ಎಂದಳು ಅಮ್ಮ, ಅವರ ಭಾಷೆಯಲ್ಲಿ, ತಾನೇ.

ಆ ಮಗನ ಹೆಸರು, ಎಂದಳು ಗುಮಾಸ್ತೆ.

ಅಪ್ಪ ಕಣ್ಣು ಮುಚ್ಚಿಕೊಂಡ. ಅಣ್ಣನ ಹೆಸರು ಆಗಲೇ ಫಾರಂನ ತಲೆಯ ಮೇಲಿತ್ತು. ಅಮ್ಮ ಉದ್ದಣ್ಣನ ಕಡೆ ತಿರುಗಿದಳು.

"ನಿನ್ನ ಹೆಸರೇನಪ್ಪ?"

ಈ ಒಂದು ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಅವನಿಗೆ ಕೇಳಿರಲಿಲ್ಲ. ಮೊದಲು ಹೆದರಿಕೆಯಿಂದ ಕೇಳಲಿಲ್ಲ, ಆಮೇಲೆ ಕೇಳಲು ತಡವಾಗಿಬಿಟ್ಟಿತ್ತು. 

"ನಿಮ್ಮಮ್ಮ ನಿನ್ನ ಹೆಸರು ಹಿಡಿದು ಹುಡುಕಿದ್ರೆ ನಮ್ಮ ಮನೆ ತೋರಿಸ್ತಾರಂತೆ," ಎಂದಳು ಅಮ್ಮ. "ನನ್ನ ಮಗ ಬಂದ್ರೂ ಅವನಿಗೆ ಇಲ್ಲಿ ಇರೋಕೆ ಒಂದು ಹೆಸರು ಬೇಕಲ್ಲ. ನೀನು ಅವನದ್ದು ಇಟ್ಕೊ. ನಿಂದು ಅವನಿಗೆ ಕೊಡು."

ಉದ್ದಣ್ಣ ಕೌಂಟರಿನ ಅಂಚು ಹಿಡಿದುಕೊಂಡ. ಹೆಸರು ಹೇಳಿದ. ಸರಿಯೋ ತಪ್ಪೋ ಎಂದು ತನಗೇ ಅನುಮಾನವಿದ್ದವನ ಹಾಗೆ, ಬಹಳ ಸಣ್ಣ ಧ್ವನಿಯಲ್ಲಿ. ಇದು ಯಾರ ಹೆಸರು ಎಂದು ಡ್ರೈವರಮ್ಮ ನನ್ನ ಕಿವಿಯಲ್ಲಿ ಕೇಳಿದಳು. ನನ್ನ ಇನ್ನೊಬ್ಬ ಅಣ್ಣನದು ಎಂದೆ.

ಗುಮಾಸ್ತೆ ಕಿವಿಯ ಹಿಂದೆ ಕೈ ಇಟ್ಟು, ಕೇಳಿಸಲಿಲ್ಲ, ಇನ್ನೊಮ್ಮೆ ಎಂದಳು. ಉದ್ದಣ್ಣನಿಗೆ ಎರಡನೇ ಸಲ ಧ್ವನಿ ಹೊರಡಲಿಲ್ಲ. ಅಮ್ಮ ಅವನನ್ನು ಪಕ್ಕಕ್ಕೆ ಸರಿಸಿ, ಗಾಜಿನ ತೂತಿಗೆ ಬಾಯಿ ಹತ್ತಿರ ಇಟ್ಟು, ಒಂದೊಂದೇ ಅಕ್ಷರ ಬಿಡಿಸಿ, ತಾನೇ ಇಟ್ಟ ಹೆಸರಿನ ಹಾಗೆ ಹೇಳಿದಳು.